ಮೆಹಬೂಬಾ ಮೆಹಬೂಬಾ (ಹಾಡು)

ಮೆಹಬೂಬಾ ಮೆಹಬೂಬಾ 1975ರ ಆಗಸ್ಟ್ 15ರಂದು ತೆರೆಕಂಡ ಹಿಂದಿ ಚಲನಚಿತ್ರ ಶೋಲೆಯ ನೃತ್ಯಗೀತೆ. ಇದನ್ನು ಸಂಯೋಜಿಸಿ ಹಾಡಿದವರು ರಾಹುಲ್ ದೇವ್ ಬರ್ಮನ್, ಸಾಹಿತ್ಯ ಆನಂದ್ ಬಕ್ಷಿಯವರದು. ತೆರೆಯ ಮೇಲೆ ಜಲಾಲ್ ಆಗಾ ಗಾಯಕನಾಗಿ, ಹೆಲೆನ್ ನರ್ತಕಿಯಾಗಿ ಕಾಣಿಸಿಕೊಂಡಿದ್ದಾರೆ. ಚಿತ್ರದ ಕಥೆ ನಡೆಯುವ ರಾಮಗಢ ಎಂಬ ಊರನ್ನು ಕರ್ನಾಟಕದ ರಾಮನಗರದ ಬಂಡೆಗಳ ನಡುವೆ ನಿರ್ಮಿಸಲಾಗಿತ್ತು.

ಹಿನ್ನೆಲೆ

ನಿರ್ದೇಶಕ ರಮೇಶ್ ಸಿಪ್ಪಿ ಶೋಲೆಯ ಚಿತ್ರೀಕರಣವನ್ನು 1973ರ ಅಕ್ಟೋಬರ್ 3ರಂದು ರಾಮನಗರದಲ್ಲಿ ಆರಂಭಿಸಿದರು. ಡಕಾಯಿತರ ಕಥೆಗಳು ಅದುವರೆಗೆ ಸಾಮಾನ್ಯವಾಗಿ ಚಂಬಲ್ ಕಣಿವೆಯೊಡನೆ ತಳುಕು ಹಾಕಿಕೊಂಡಿದ್ದವು. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಈ ಗ್ರಾನೈಟ್ ಬೆಟ್ಟಗಳು ಆ ಪರಿಪಾಠಕ್ಕೆ ಬೇರೆಯೇ ಭೂದೃಶ್ಯವನ್ನು ಒದಗಿಸಿದವು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಇಲ್ಲಿ ಇಡೀ ಹಳ್ಳಿಯೊಂದನ್ನು ಕಟ್ಟಿಸಿದರು. ಹೆದ್ದಾರಿಯಿಂದ ಅಲ್ಲಿಗೆ ಹೋಗಿಬರಲು ಚಿತ್ರತಂಡವೇ ರಸ್ತೆಯನ್ನೂ ಹಾಕಿಸಬೇಕಾಯಿತು. ರಾಮನಗರದ ಒಂದು ಭಾಗಕ್ಕೆ ಸಿಪ್ಪಿನಗರ ಎಂಬ ಹೆಸರು ಬಿದ್ದದ್ದು ಇದರಿಂದಲೇ.

ಕಥೆಯಲ್ಲಿ ಈ ಹಾಡು ಅಲೆಮಾರಿಗಳ ಬಿಡಾರದಲ್ಲಿ ಬರುತ್ತದೆ. ಗಬ್ಬರ್ ಸಿಂಗ್ ಬೆಂಕಿಯ ಬೆಳಕಿನಲ್ಲಿ ನೃತ್ಯ ನೋಡುತ್ತಿರುವಾಗ ಜೈ ಮತ್ತು ವೀರು ಕತ್ತಲೆಯಲ್ಲಿ ನುಸುಳಿ ಅವನ ಮದ್ದುಗುಂಡುಗಳನ್ನು ಸ್ಫೋಟಿಸಲು ಸಿದ್ಧತೆ ನಡೆಸುತ್ತಾರೆ. ಆದ್ದರಿಂದ ಇದು ಕಥೆಯನ್ನು ನಿಲ್ಲಿಸಿ ಸೇರಿಸಿದ ಹಾಡಲ್ಲ. ಕುಣಿತ ಮುಂದುವರಿದಷ್ಟೂ ಅಪಾಯ ಹತ್ತಿರವಾಗುತ್ತದೆ. ಪ್ರೇಕ್ಷಕನಿಗೆ ತಿಳಿದಿರುವ ಸಂಗತಿ ಗಬ್ಬರ್‌ಗೆ ತಿಳಿದಿಲ್ಲ, ದೃಶ್ಯದ ಬಿಗಿ ಅಡಗಿರುವುದು ಅಲ್ಲಿಯೇ.

ಸಂಗೀತ ಮತ್ತು ಸ್ವಂತಿಕೆಯ ಪ್ರಶ್ನೆ

ಖಾಲಿ ಬಿಯರ್ ಬಾಟಲಿಗಳ ಬಾಯಿಗೆ ಊದಿ ತೆಗೆದ ನಾದವನ್ನು ಬರ್ಮನ್ ಈ ಹಾಡಿನಲ್ಲಿ ಬಳಸಿದರು. ದಿನಬಳಕೆಯ ವಸ್ತುಗಳಿಂದ ಲಯವನ್ನೂ ನಾದವನ್ನೂ ಹೊರಡಿಸುವುದು ಅವರಿಗೆ ಹೊಸದಾಗಿರಲಿಲ್ಲ. ಅವರ ದನಿ ಕಿಶೋರ್ ಕುಮಾರ್ ಅಥವಾ ಮೊಹಮ್ಮದ್ ರಫಿಯವರ ದನಿಯಂತೆ ನುಣುಪಾದದ್ದಲ್ಲ. ಗಂಟಲಿನಿಂದ ಎಳೆದು ತೆಗೆದ, ಉಸಿರು ಕೇಳಿಸುವ ಒರಟು ದನಿ ಅದು. 1971ರ ಕಾರವಾನ್ ಚಿತ್ರದಲ್ಲಿ ಹೆಲೆನ್ ಅಭಿನಯಿಸಿದ ಪಿಯಾ ತೂ ಅಬ್ ತೋ ಆಜಾ ಗೀತೆಯಲ್ಲಿಯೂ ಇದೇ ದನಿ ಆಶಾ ಭೋಂಸ್ಲೆಯವರೊಡನೆ ಕೇಳಿಬಂದಿತ್ತು. ಶೋಲೆಯಲ್ಲಿ ಅದು ಇಡೀ ಹಾಡನ್ನು ಹೊತ್ತಿತು.

ಹಾಡಿನ ಮಟ್ಟು ಮಾತ್ರ ಬರ್ಮನ್ ಅವರ ಸ್ವಂತದ್ದಲ್ಲ. ಅದು ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಅವರ 1974ರ ಸೇ ಯೂ ಲವ್ ಮಿ ಎಂಬ ಗೀತೆಯನ್ನು ಆಧರಿಸಿದೆ. ಆ ಗೀತೆಯ ಬೇರು ಕೂಡ ಸೈಪ್ರಸ್‌ನ ಗ್ರೀಕ್ ಭಾಷಿಕರ ತಾ ರಿಯಾಲಿಯಾ ಎಂಬ ಹಾಡಿನಲ್ಲಿದೆ. ಹೀಗೆ ಮೆಡಿಟರೇನಿಯನ್ ದ್ವೀಪವೊಂದರ ರಾಗ ಪಾಪ್ ಗೀತೆಯಾಗಿ, ಬಳಿಕ ಮುಂಬಯಿಯಲ್ಲಿ ಹಿಂದಿಯ ರೂಪ ತಳೆದು, ಕೊನೆಗೆ ರಾಮಗಢದ ಕಥೆಯೊಳಗೆ ಸೇರಿಕೊಂಡಿತು. ಬರ್ಮನ್ ಅವರನ್ನು ಮೆಚ್ಚುವವರಿಗೂ ಇದು ಇರಿಸುಮುರಿಸಿನ ಸಂಗತಿ. ವಾದ್ಯವಿನ್ಯಾಸ, ದನಿ ಮತ್ತು ಸನ್ನಿವೇಶ ಹೊಸವು ಎಂಬುದು ನಿಜವಾದರೂ ಜನರ ನಾಲಗೆಯ ಮೇಲೆ ಉಳಿದದ್ದು ಮೂಲತಃ ಆ ಮಟ್ಟೇ.

ಸ್ವಾಗತ ಮತ್ತು ಪ್ರಭಾವ

ಹಿನ್ನೆಲೆ ಗಾಯನಕ್ಕಾಗಿ ಬರ್ಮನ್ ಅವರಿಗೆ ದೊರೆತ ಏಕೈಕ ಫಿಲ್ಮ್‌ಫೇರ್ ನಾಮನಿರ್ದೇಶನ ಈ ಹಾಡಿನದು. ಆ ವರ್ಷದ ಪ್ರಶಸ್ತಿ ಅಮಾನುಷ್ ಚಿತ್ರದ ಗೀತೆಗಾಗಿ ಕಿಶೋರ್ ಕುಮಾರ್ ಅವರಿಗೆ ಸಂದಿತು. ಶೋಲೆಗೆ ಸಿಕ್ಕಿದ್ದು ಸಂಕಲನದ ಪ್ರಶಸ್ತಿಯೊಂದೇ, ಅದನ್ನು ಎಂ. ಎಸ್. ಶಿಂಧೆ ಪಡೆದರು. ಚಿತ್ರದ ಸಂಭಾಷಣೆಗಳು ಎಷ್ಟು ಪ್ರಸಿದ್ಧವಾದವೆಂದರೆ ಪಾಲಿಡೋರ್ ಸಂಸ್ಥೆ ಅವುಗಳನ್ನೇ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಹೊರತಂದಿತು. ಮಾತಿಗೆ ಇಷ್ಟು ಹೆಸರು ಬಂದ ಚಿತ್ರದಲ್ಲಿ ಈ ಹಾಡು ಮರೆಯಾಗದೆ ಉಳಿದದ್ದು ಗಮನಾರ್ಹ.

ಬರ್ಮನ್ 1994ರಲ್ಲಿ ನಿಧನರಾದರು. 2005ರಲ್ಲಿ ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ ಅವರ ರಚನೆಗಳಿಗೆ ಮೀಸಲಾದ ಯೂ ಹ್ಯಾವ್ ಸ್ಟೋಲನ್ ಮೈ ಹಾರ್ಟ್ ಎಂಬ ಆಲ್ಬಂನಲ್ಲಿ ಈ ಹಾಡನ್ನು ತಂತಿವಾದ್ಯಗಳಿಗೆ ಅಳವಡಿಸಿತು. ಆಶಾ ಭೋಂಸ್ಲೆ ಭಾಗವಹಿಸಿದ ಆ ಆಲ್ಬಂ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. 2007ರ ಆಪ್ ಕಾ ಸುರೂರ್ ಚಿತ್ರದಲ್ಲಿ ಹಿಮೇಶ್ ರೇಶಮಿಯಾ ಇದನ್ನು ಮರುಸೃಷ್ಟಿಸಿದರು. ಶೋಲೆಯ ಮರುನಿರ್ಮಾಣವಾದ ರಾಮ್ ಗೋಪಾಲ್ ವರ್ಮಾ ಅವರ ಆಗ್ ಚಿತ್ರದಲ್ಲಿಯೂ ಅದೇ ವರ್ಷ ಇದು ಹೊಸ ರೂಪದಲ್ಲಿ ಬಂದಿತು.

ರಾಮನಗರದಲ್ಲಿ

ರಾಮಗಢದ ಮನೆಗಳು ಈಗ ಇಲ್ಲ. ಪ್ರವಾಸಿಗರು ಶೋಲೆ ಬೆಟ್ಟವೆಂದು ಹುಡುಕಿಕೊಂಡು ಬರುವುದು ರಾಮದೇವರ ಬೆಟ್ಟಕ್ಕೆ. ಡೇವಿಡ್ ಲೀನ್ 1984ರ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರಕ್ಕೂ ಈ ಸುತ್ತಿನ ಬಂಡೆಗಳನ್ನು, ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಆರಿಸಿಕೊಂಡರು. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಅಳಿವಿನಂಚಿನ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಚಿತ್ರದ ನೆನಪಿಗಾಗಿ ಬರುವವರ ಸದ್ದುಗದ್ದಲ ಮತ್ತು ಗೂಡು ಕಟ್ಟುವ ಹಕ್ಕಿಗಳಿಗೆ ಬೇಕಾದ ಏಕಾಂತ, ಇವೆರಡೂ ಒಂದೇ ಬೆಟ್ಟಕ್ಕೆ ಸೇರಿದ ವಿಷಯಗಳಾಗಿವೆ.