ಮೊದಲು ನೀರು, ಆಮೇಲೆ ಲೋಬಾನ

ಜುಮಾದ ದಿನ ಸ್ನಾನ ಮಾಡಿ, ಶುಭ್ರ ಬಟ್ಟೆ ಧರಿಸಿ, ಅತ್ತರು ಹಚ್ಚಿ ಮಸ್ಜಿದ್‌ಗೆ ಹೋಗುವುದು ನಮಗೆಲ್ಲ ಗೊತ್ತಿರುವ ಸುನ್ನತ್. ಅದರ ಹಿಂದಿರುವ ಚರಿತ್ರೆಯನ್ನು ತಿಳಿದರೆ, ಮನೆಯ ದುರ್ವಾಸನೆಯನ್ನು ಹೋಗಲಾಡಿಸುವ ಬಗೆಯೂ ಅದರಲ್ಲೇ ಸಿಗುತ್ತದೆ.

ಮದೀನಾದ ಮೊದಲ ಮಸ್ಜಿದ್ ಇಕ್ಕಟ್ಟಾಗಿತ್ತು. ಖರ್ಜೂರದ ಕಾಂಡಗಳೇ ಕಂಬ, ಗರಿಗಳೇ ಮಾಡು. ಮಾಡು ತೀರಾ ತಗ್ಗು. ನಮಾಝ್‌ಗೆ ಬರುತ್ತಿದ್ದವರು ಬೆನ್ನ ಮೇಲೆ ಹೊರೆ ಹೊತ್ತು ದುಡಿಯುವ ಜನ. ಮೈಮೇಲೆ ಉಣ್ಣೆಯ ಬಟ್ಟೆ. ಊರಿನ ಮೇಲ್ಭಾಗದ ಹಳ್ಳಿಗಳಿಂದ ಧೂಳಿನಲ್ಲಿ ನಡೆದು ಬರುವವರೂ ಇದ್ದರು. ಒಂದು ಬಿರುಬಿಸಿಲಿನ ದಿನ ಬೆವರಿನ ವಾಸನೆ ಹರಡಿ, ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾಯಿತೆಂದು ಹಝ್ರತ್ ಇಬ್ನ್ ಅಬ್ಬಾಸ್(ರ) ವಿವರಿಸಿದ್ದಾರೆ. ಆಗ ಪ್ರವಾದಿವರ್ಯರು(ಸ) ಯಾರೊಬ್ಬರ ಕಡೆಗೂ ಬೆರಳು ತೋರಿಸದೆ, ಈ ದಿನ ಸ್ನಾನ ಮಾಡಿ, ನಿಮ್ಮಲ್ಲಿರುವ ಎಣ್ಣೆ, ಸುಗಂಧ ಹಚ್ಚಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿದರು. ಸಾಧ್ಯವಿದ್ದವರು ಕೆಲಸದ ಬಟ್ಟೆಯಲ್ಲದೆ ಜುಮಾಕ್ಕೆಂದೇ ಬೇರೆ ಬಟ್ಟೆ ಇಟ್ಟುಕೊಳ್ಳಲಿ ಎಂದೂ ಸೂಚಿಸಿದರು.

ಇಬ್ನ್ ಅಬ್ಬಾಸ್(ರ) ಮಾತು ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಅಲ್ಲಾಹನು ಜನರಿಗೆ ಅನುಕೂಲ ಕೊಟ್ಟನು, ಉಣ್ಣೆಯ ಬದಲು ಬೇರೆ ಬಟ್ಟೆ ಬಂತು, ದುಡಿಮೆಯ ಭಾರ ಇಳಿಯಿತು, ಮಸ್ಜಿದ್ ವಿಶಾಲವಾಯಿತು, ವಾಸನೆಯ ತೊಂದರೆಯೂ ಕೆಲಮಟ್ಟಿಗೆ ಹೋಯಿತು ಎನ್ನುತ್ತಾರೆ ಅವರು. ಹಿಜರಿ 7ರಲ್ಲಿ (ಕ್ರಿ.ಶ. 628), ಖೈಬರ್‌ನ ಬಳಿಕ, ಪ್ರವಾದಿವರ್ಯರೇ(ಸ) ಮಸ್ಜಿದ್‌ಅನ್ನು ವಿಸ್ತರಿಸಿದ್ದರು. ವಾಸನೆಗೆ ಜನರ ಕೀಳುತನ ಕಾರಣವಲ್ಲ; ಇಕ್ಕಟ್ಟು, ಸೆಕೆ, ಬಡತನ ಕಾರಣ ಎಂಬುದು ಆ ಮಾತಿನಿಂದ ಸ್ಪಷ್ಟವಾಗುತ್ತದೆ.

ಮೂಲವನ್ನೇ ಸರಿಪಡಿಸುವ ಈ ಕ್ರಮ ಬೇರೆ ಘಟನೆಗಳಲ್ಲೂ ಕಾಣುತ್ತದೆ. ಗ್ರಾಮೀಣ ಅರಬನೊಬ್ಬ ಮಸ್ಜಿದ್‌ನೊಳಗೆ ಮೂತ್ರ ಮಾಡಿದಾಗ ಸಹಾಬಿಗಳು ಸಿಟ್ಟಿಗೆದ್ದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಆ ಜಾಗಕ್ಕೆ ಒಂದು ದೊಡ್ಡ ಬಕೆಟ್ ನೀರು ಸುರಿಯಿಸಿದರು. ಖಲೀಫ ಉಮರ್(ರ) ಒಂದು ಜುಮಾ ಖುತ್ಬಾದಲ್ಲಿ, ಈರುಳ್ಳಿ ಬೆಳ್ಳುಳ್ಳಿ ತಿನ್ನುವವರು ಚೆನ್ನಾಗಿ ಬೇಯಿಸಿ ಅದರ ವಾಸನೆ ಕಳೆಯಲಿ ಎಂದರು. ಶುಕ್ರವಾರಗಳಂದು ಮಸ್ಜಿದ್‌ನಲ್ಲಿ ಧೂಪ ಹಾಕಿಸುತ್ತಿದ್ದವರೂ ಅವರೇ ಎಂಬ ವರದಿಗಳಿವೆ. ಹದೀಸ್ ವರದಿಗಾರ ನುಐಮ್ ಅವರ ಹೆಸರಿಗೆ ಸೇರಿಕೊಂಡ ‘ಅಲ್ ಮುಜ್ಮಿರ್’ ಎಂದರೆ ಧೂಪ ಹಾಕುವವರು ಎಂದೇ ಅರ್ಥ. ಧೂಪ ಬೇಕು, ಆದರೆ ಅದರ ಸರದಿ ಶುಚಿತ್ವದ ನಂತರ.

ನಮ್ಮ ಮನೆಗಳಲ್ಲಿ ಈ ಸರದಿ ಹಲವು ಸಲ ತಲೆಕೆಳಗಾಗುತ್ತದೆ. ಬಚ್ಚಲಿನ ನೀರು ಕಟ್ಟಿಕೊಂಡಿರುತ್ತದೆ, ಮೀನು ತೊಳೆದ ಪಾತ್ರೆ ಹಾಗೇ ಬಿದ್ದಿರುತ್ತದೆ, ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆ ಮುಗ್ಗಲು ಹಿಡಿದಿರುತ್ತದೆ. ನಾವು ಕಿಟಕಿ ಮುಚ್ಚಿ ಲೋಬಾನದ ಹೊಗೆ ಹಾಕುತ್ತೇವೆ. ಹೊಗೆ ಆರಿದ ಮೇಲೆ ವಾಸನೆ ಮತ್ತೆ ಬರುತ್ತದೆ. ಕಸ ಆಯಾ ದಿನವೇ ಹೊರಗೆ ಹೋಗಲಿ, ಮುಸಲ್ಲಾ ಮತ್ತು ಹಾಸಿಗೆಗೆ ಬಿಸಿಲು ತಾಗಲಿ, ಕೋಣೆಗೆ ಗಾಳಿ ಬರಲಿ. ಲೋಬಾನ ಆಮೇಲೆ ಇರಲಿ, ಅದೂ ಕಿಟಕಿ ತೆರೆದಿಟ್ಟು. ಉಬ್ಬಸ ಇರುವವರು, ಎಳೆಯ ಮಕ್ಕಳು ಮನೆಯಲ್ಲಿದ್ದರೆ ಹೊಗೆಯನ್ನು ಬಿಟ್ಟುಬಿಡುವುದೇ ಲೇಸು.

ಈ ಕೆಲಸವೆಲ್ಲ ಹೆಂಗಸರದ್ದೆಂದು ಗಂಡಸರು ಕೂತುಬಿಡುವುದು ಸರಿಯಲ್ಲ. ಮನೆಗೆಲಸದಲ್ಲಿ ಪ್ರವಾದಿವರ್ಯರು(ಸ) ಮನೆಯವರಿಗೆ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮದೀನಾದ ಮಸ್ಜಿದ್ ಗುಡಿಸುತ್ತಿದ್ದ ಬಡ ಮಹಿಳೆಯೊಬ್ಬರು ತೀರಿಕೊಂಡಾಗ, ಸಣ್ಣ ಸಂಗತಿಯೆಂದು ಜನರು ಪ್ರವಾದಿವರ್ಯರಿಗೆ(ಸ) ತಿಳಿಸದೆ ದಫನ ಮಾಡಿದ್ದರು. ವಿಷಯ ಗೊತ್ತಾದಾಗ ಅವರು, ನನಗೇಕೆ ತಿಳಿಸಲಿಲ್ಲ ಎಂದು ಕೇಳಿ, ಆಕೆಯ ಕಬರಿನ ಬಳಿಗೆ ಹೋಗಿ ಜನಾಝ ನಮಾಝ್ ನಿರ್ವಹಿಸಿದರು.

ಮೀನು ಮಾರುವವರು, ಗ್ಯಾರೇಜಿನವರು, ಗಾರೆ ಕೆಲಸದವರು ದುಡಿಮೆಯ ನಡುವೆಯೇ ಜುಮಾಕ್ಕೆ ಓಡಿ ಬಂದು ನಮ್ಮ ಪಕ್ಕದ ಸಫ್‌ನಲ್ಲಿ ನಿಲ್ಲುತ್ತಾರೆ. ಅವರನ್ನು ಕಂಡು ಮೂಗು ಮುಚ್ಚಿಕೊಳ್ಳುವುದು ಸುನ್ನತ್ ಅಲ್ಲ. ಮಸ್ಜಿದ್‌ನಲ್ಲಿ ಅವರಿಗೆ ಸ್ನಾನಕ್ಕೆ ನೀರು, ಬಟ್ಟೆ ಬದಲಿಸಲು ಒಂದು ಕೋಣೆ ಒದಗಿಸುವುದು ಜಮಾಅತ್‌ನ ಹೊಣೆ.

ನಮ್ಮ ಮೈ, ಮನೆ, ಮನಸ್ಸುಗಳನ್ನು ಅಲ್ಲಾಹನು ಶುಚಿಯಾಗಿರಿಸಲಿ. ಆಮೀನ್.