ಊರಿನ ಹೆಸರು, ಸರಕಿನ ಹೆಸರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸಣ್ಣ ಕಸುಬುದಾರರ ಚರಿತ್ರೆಯನ್ನು ಅವಲೋಕಿಸುವವರಿಗೆ ಮೊದಲು ಗೋಚರಿಸುವ ಸಂಗತಿಯೆಂದರೆ, ಇಲ್ಲಿ ಸರಕನ್ನು ಮಾಡಿದವನ ಹೆಸರು ಪ್ರಾಯಶಃ ಎಲ್ಲಿಯೂ ಉಳಿಯದೆ, ಮಾಡಿದ ಊರಿನ ಹೆಸರೇ ಅವನ ಪರವಾಗಿ ದೇಶಸಂಚಾರ ಮಾಡಿದ್ದು. ಗಂಜಾಮಿನ ಅಂಜೂರ, ನಾಗಮಂಗಲದ ಎರಕದ ವಿಗ್ರಹ, ಮೇಲುಕೋಟೆಯ ಪುಳಿಯೋಗರೆ, ಇವುಗಳನ್ನು ಬಲ್ಲವರು ಅಸಂಖ್ಯ. ಇವುಗಳ ಹಿಂದಿನ ಕೈಗಳನ್ನು ಬಲ್ಲವರು ವಿರಳ. ವರ್ತಮಾನಪತ್ರಿಕೆಯ ಜಾಹೀರಾತಿಗೆ ಹಣವಿಲ್ಲದ, ದೊಡ್ಡ ಪೇಟೆಯಲ್ಲಿ ಮಳಿಗೆಯಿಲ್ಲದ ಈ ಜನ ತಮ್ಮ ಕೆಲಸದ ಸುದ್ದಿಯನ್ನು ಕೊಳ್ಳುವವನ ಕಿವಿಗೆ ಮುಟ್ಟಿಸಿದ ಬಗೆಯನ್ನು ವಿಚಾರಿಸುತ್ತ ಹೋದರೆ, ಅದೇ ಸೀಮೆಯ ತರುಣರು ಇಂದು ಮೊಬೈಲಿನಲ್ಲಿ ನಡೆಸುತ್ತಿರುವ ವ್ಯಾಪಾರಪ್ರಚಾರದ ಬೇರುಗಳೂ ಅಲ್ಲಿಯೇ ದೊರಕುತ್ತವೆ.

ಅರಸನ ಆಸ್ಥಾನವಿದ್ದಷ್ಟು ಕಾಲ ಶ್ರೀರಂಗಪಟ್ಟಣದ ಕುಶಲಕರ್ಮಿಗೆ ಈ ಚಿಂತೆ ಇದ್ದಿರಲಾರದು. ಟಿಪ್ಪು ಸುಲ್ತಾನನು ಶಿರಾದಿಂದ ಕುಟುಂಬಗಳನ್ನು ಕರೆತಂದು ಗಂಜಾಮಿನಲ್ಲಿ ನೆಲೆಗೊಳಿಸಿದಾಗ, ಅರಮನೆಯೂ ದಂಡೂ ಕೊಳ್ಳುವವರಾಗಿ ಹತ್ತಿರದಲ್ಲಿಯೇ ಇದ್ದುವು. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದು ರಾಜಧಾನಿ ಮೈಸೂರಿಗೆ ಹೋದುದರೊಂದಿಗೆ ಆ ಗಿರಾಕಿಗಳೆಲ್ಲರೂ ಒಮ್ಮೆಗೇ ಇಲ್ಲವಾದರು. ಮರುವರ್ಷ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು, ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣ ದ್ವೀಪದ ಜನಸಂಖ್ಯೆ 1,50,000ದಷ್ಟಿದ್ದಿತೆಂದೂ ತಾನು ಬಂದಾಗ ಅದು 32,000ದ ಆಸುಪಾಸಿಗೆ ಇಳಿದಿದ್ದಿತೆಂದೂ ಅಂದಾಜು ಮಾಡಿದ್ದಾನೆ. ಏಕೈಕ ಪೋಷಕನನ್ನು ನಂಬಿದ ಕಸುಬಿಗೆ ಒದಗುವ ವಿಪತ್ತಿಗೆ ಇದಕ್ಕಿಂತ ಕ್ರೂರವಾದ ನಿದರ್ಶನವನ್ನು ಈ ಪ್ರಾಂತದಲ್ಲಿ ನಾನು ಕಾಣೆ.

ದೂರದ ಗಿರಾಕಿಯ ಕಣ್ಣಿಗೆ ಬೀಳುವ ಉದ್ದೇಶಪೂರ್ವಕವಾದ ಪ್ರಯತ್ನ ಮುಂದಿನ ಅರ್ಧಶತಮಾನದಲ್ಲಿ ಸಮೀಪದ ಪಾಲಹಳ್ಳಿಯಲ್ಲಿ ನಡೆಯಿತು. ಅಲ್ಲಿ 1847ರಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆಯಾಗಿಸಿ, 1851ರ ಲಂಡನ್ನಿನ ಮಹಾಪ್ರದರ್ಶನಕ್ಕೆ ಕಳುಹಿಸಿ ಪಾರಿತೋಷಕವನ್ನು ಪಡೆಯಿತು. ಬಂಡವಾಳವುಳ್ಳವರಿಗೆ ಈ ಮಾರ್ಗ ತೆರೆದಿತ್ತು. ಎರಡು ಕೊಪ್ಪರಿಗೆಯ ಆಲೆಮನೆಯವನಿಗೆ ಲಂಡನ್ ಹಾಗಿರಲಿ, ಮೈಸೂರಿನ ದಸರಾ ವಸ್ತುಪ್ರದರ್ಶನವೂ ದೂರವೇ ಆಗಿತ್ತು.

ಅಂಥವನ ಪ್ರದರ್ಶನಶಾಲೆಯೆಂದರೆ ಸಂತೆ ಮತ್ತು ಜಾತ್ರೆ. ಹಿಂದೆ ಅತ್ತಿಗುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿ, ಹೇಮಾವತಿಯ ದಡದ ಹೇಮಗಿರಿಯಲ್ಲಿ ರಥಸಪ್ತಮಿಯ ಕಾಲಕ್ಕೆ ಕೂಡುವ ದನಗಳ ಜಾತ್ರೆಯನ್ನಾಗಲಿ, ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರಾಗಿದ್ದ ಪಾಂಡವಪುರದ ಸೀಮೆಯಲ್ಲಿ ಬೇಬಿ ಬೆಟ್ಟದ ಬುಡದಲ್ಲಿ ನೆರೆಯುವ ಜಾತ್ರೆಯನ್ನಾಗಲಿ ಕಂಡವರಿಗೆ, ಪ್ರಚಾರವೆಂಬ ಕಲೆಯನ್ನು ನಮ್ಮ ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲವೆಂಬುದು ಮನವರಿಕೆಯಾಗುತ್ತದೆ. ಸುಗ್ಗಿ ಮುಗಿದು ಕೈ ಬಿಡುವಾದ ಆ ದಿನಗಳಲ್ಲಿ, ಮಕ್ಕಳಂತೆ ಸಾಕಿದ ಹಳ್ಳಿಕಾರ್ ಜೋಡಿಗಳ ಮೈತೊಳೆದು, ಕೊಂಬಿಗೆ ಕುಚ್ಚು ಕಟ್ಟಿ, ಬೆನ್ನಿಗೆ ಜೂಲು ಹೊದಿಸಿ, ವಾದ್ಯಸಮೇತ ಮೆರವಣಿಗೆಯಲ್ಲಿ ತಂದು ಚಪ್ಪರದ ನೆರಳಿನಲ್ಲಿ ಕಟ್ಟುವ ಸಂಭ್ರಮವು ಅಲಂಕಾರಪ್ರಿಯತೆಯಿಂದ ಮಾತ್ರ ಹುಟ್ಟಿದ್ದಲ್ಲ. ಮಾರುವ ಮಾತನ್ನು ಆಡುವುದಕ್ಕೆ ಮುಂಚೆ, ಸಾಕಿದವನ ಶ್ರದ್ಧೆಯನ್ನು ನೆರೆದವರೆಲ್ಲರೂ ಕಾಣಲಿ ಎಂಬ ವಿವೇಕವೂ ಅದರಲ್ಲಿ ಅಡಗಿದೆ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ಹೆಜ್ಜೆಯನ್ನು ಪರೀಕ್ಷಿಸುತ್ತಾನೆ. ಇಷ್ಟೂ ಬಹಿರಂಗ, ಬೆಲೆ ಮಾತ್ರ ಗೋಪ್ಯ. ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ಮೊತ್ತವು ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಇಂದು ಅದೇ ಜೋಡಿಗಳ ಚಿತ್ರಗಳು ಯೂಟ್ಯೂಬಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಜಾತ್ರೆ ಮುಗಿದ ಮೇಲೆ ಸಹ ಸಂಚರಿಸುತ್ತಿದ್ದು, ಹಲ್ಲು, ಸುಳಿ, ನಡಿಗೆಗಳನ್ನು ಸಾವಧಾನವಾಗಿ ತೋರಿಸಿದ ಮಾಲೀಕರಲ್ಲಿ ಅನೇಕರು ಬೆಲೆಯ ಪ್ರಸ್ತಾಪ ಬಂದೊಡನೆ ಫೋನು ಮಾಡಿರೆಂದಷ್ಟೇ ಹೇಳುವುದನ್ನು ನೋಡುವಾಗ, ಆ ಟವೆಲು ಇನ್ನೂ ಕೈಬಿಟ್ಟಿಲ್ಲವೆಂದು ತೋರುತ್ತದೆ.

ಮೇಲುಕೋಟೆಯ ಭಾಗ್ಯ ಬೇರೆಯ ಬಗೆಯದು. ಫಾಲ್ಗುಣಮಾಸದಲ್ಲಿ ವೈರಮುಡಿ ಕಿರೀಟವು ಮಂಡ್ಯದ ಖಜಾನೆಯಿಂದ ಹೊರಟು, ದಾರಿಯ ಹಳ್ಳಿಗಳಲ್ಲಿ ಪೂಜೆಗೊಳ್ಳುತ್ತ ಬೆಟ್ಟವನ್ನೇರಿ ಚೆಲುವನಾರಾಯಣನ ಶಿರಸ್ಸನ್ನು ಅಲಂಕರಿಸುವ ಇರುಳಿಗೆ ನಾನಾ ಪ್ರಾಂತಗಳಿಂದ ಬಂದ ಯಾತ್ರಿಕರು, ಹಿಂದಿರುಗುವಾಗ ಊರಿನ ರುಚಿಯನ್ನೂ ನೇಯ್ಗೆಯನ್ನೂ ಜೊತೆಯಲ್ಲಿ ಒಯ್ದರು. ಪುಳಿಯೋಗರೆಯ ಗೊಜ್ಜು ಬೇಗನೆ ಕೆಡದ ಪದಾರ್ಥವಾದ್ದರಿಂದ ಮನೆಯವರೆಗೂ ಸುರಕ್ಷಿತವಾಗಿ ಹೋಯಿತು. ತಿಂದ ನೆಂಟರು ಎಲ್ಲಿಯದೆಂದು ಕೇಳಿದರು. ಕೈಮಗ್ಗದ ಬಟ್ಟೆಗೆ ಇಷ್ಟು ಸುಲಭದ ದಾರಿ ಇರಲಿಲ್ಲ. 1960ರಲ್ಲಿ ಸುರೇಂದ್ರ ಕೌಲಗಿಯವರು ಅಲ್ಲಿ ಜನಪದ ಸೇವಾ ಟ್ರಸ್ಟನ್ನು ಸ್ಥಾಪಿಸಿ ಖಾದಿ ಮತ್ತು ಕೈಮಗ್ಗದ ಕೆಲಸಕ್ಕೆ ಆಸರೆಯಾದರು. ಆದರೂ ಬಟ್ಟೆಯನ್ನು ಉಟ್ಟವರೇ ಉಡದವರಿಗೆ ಹೇಳಿ ಅದರ ಗುಣವನ್ನು ಹರಡಬೇಕಾಯಿತು. ಮಾರುವವನ ಘೋಷಣೆಗಿಂತ ಕೊಂಡವನ ಸಾಕ್ಷ್ಯವೇ ಬಲವತ್ತರವೆಂಬುದು ಈ ಸೀಮೆಯಲ್ಲಿ ಎಲ್ಲ ಕಾಲಕ್ಕೂ ನಿಜವಾಗಿದೆ.

1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು, ಅನಂತರ ಹೆದ್ದಾರಿ ಬೆಳೆಯಿತು, ದಾರಿಹೋಕನೇ ಗಿರಾಕಿಯಾದನು. ರಸ್ತೆಯ ಪಕ್ಕದ ಹೋಟೆಲು, ಹಣ್ಣಿನ ಅಂಗಡಿ, ಬೆಲ್ಲದ ಅಂಗಡಿಗಳಿಗೆ ಹಲಗೆಯೊಂದನ್ನು ನೆಟ್ಟರೆ ಸಾಕಾಗುತ್ತಿದ್ದಿತು. 2023ರ ಮಾರ್ಚ್ 12ರಂದು ಉದ್ಘಾಟಿತವಾದ ದಶಪಥವು ಮಂಡ್ಯವನ್ನೂ ಶ್ರೀರಂಗಪಟ್ಟಣವನ್ನೂ ಬಳಸಿಕೊಂಡು ಹೋದಾಗ ಈ ಅಂಗಡಿಗಳ ಮುಂದಿನ ವಾಹನಸಂಚಾರ ಥಟ್ಟನೆ ಕ್ಷೀಣಿಸಿತು. 1799ರಲ್ಲಿ ಗಂಜಾಮಿಗೆ ಬಂದ ಕಷ್ಟದ ಛಾಯೆಯನ್ನು ಇದರಲ್ಲಿ ಕಂಡು ನಾನು ವ್ಯಥೆಪಟ್ಟಿದ್ದೇನೆ. ಆದರೆ ಅಂದಿನವರಿಗಿಲ್ಲದ ಸಾಧನವೊಂದು ಇಂದಿನವರ ಅಂಗೈಯಲ್ಲಿದೆ.

2016ರಿಂದೀಚೆಗೆ ಅಂತರಜಾಲ ಅಗ್ಗವಾಗಿ, 2018ರಲ್ಲಿ ಸಣ್ಣ ವ್ಯಾಪಾರಿಗಳಿಗಾಗಿಯೇ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಮೇಲೆ ಈ ಸಾಧನ ಹಳ್ಳಿಗಳಲ್ಲಿಯೂ ವ್ಯಾಪಿಸಿತು. ಅದಕ್ಕೂ ಮೊದಲೇ ಅದರ ಶಕ್ತಿಯನ್ನು ಗುರುತಿಸಿದವರು ಮಂಡ್ಯದಲ್ಲಿದ್ದರು. ಕಬ್ಬಿನ ಬಿಕ್ಕಟ್ಟಿನಲ್ಲಿ ಜಿಲ್ಲೆಯ ರೈತರು ಪ್ರಾಣ ಕಳೆದುಕೊಳ್ಳುತ್ತಿದ್ದ 2015ರಲ್ಲಿ, ಅಮೆರಿಕದ ಉದ್ಯೋಗವನ್ನು ಬಿಟ್ಟು ಮರಳಿದ್ದ ಮಧುಚಂದನ್ ಚಿಕ್ಕದೇವಯ್ಯನವರು ಸಾವಯವ ಕೃಷಿಕರನ್ನು ಕೂಡಿಸಿ ‘ಆರ್ಗ್ಯಾನಿಕ್ ಮಂಡ್ಯ’ವನ್ನು ಆರಂಭಿಸಿದರು, ಆಳು ಸಾಲದ ಗದ್ದೆಗಳಿಗೆ ಬಂದು ಬೆವರನ್ನು ದಾನಮಾಡಿರೆಂದು ಅವರ ಬಳಗವು ಫೇಸ್‌ಬುಕ್ಕಿನಲ್ಲಿ ನಗರವಾಸಿಗಳನ್ನು ಕರೆಯಿತು. ಸರಕನ್ನು ಹೊಗಳುವ ಬದಲು ಕೊಳ್ಳುವವನನ್ನೇ ಕೆಸರಿಗಿಳಿಸಿದ ಈ ಕ್ರಮ ನನಗೆ ಅತ್ಯಂತ ಪ್ರಿಯವಾದುದು, ಏಕೆಂದರೆ ನಾಟಿ ಮಾಡಿದವನು ಅಕ್ಕಿಯ ಬೆಲೆಯನ್ನು ಕುರಿತು ಮತ್ತೆ ಹಗುರವಾಗಿ ಮಾತನಾಡಲಾರನು.

ಹಾಗಾದರೆ ಹೊಸ ಸಾಧನವನ್ನು ಸಾರ್ಥಕವಾಗಿ ಬಳಸುವುದೆಂದರೇನು? ನಾಗಮಂಗಲದ ಎರಕದವನ ಕೆಲಸವನ್ನು ನೋಡಿರಿ: ಮೇಣದಲ್ಲಿ ಮೂರ್ತಿಯನ್ನು ಕಡೆದು, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಯಿಸಿ, ಆ ಬರಿದಾದ ಅಚ್ಚಿಗೆ ಲೋಹವನ್ನು ಹೊಯ್ದಮೇಲೆ ರೂಪವನ್ನು ತಿದ್ದಲು ಅವಕಾಶ ತೀರ ಸ್ವಲ್ಪ. ಮೇಣದ ಹಂತದಲ್ಲಿಯೇ ದೂರದೂರಿನ ಧರ್ಮದರ್ಶಿಗಳಿಗೆ ಚಿತ್ರವನ್ನು ಕಳುಹಿಸಿ, ಹಸ್ತದ ಭಂಗಿಯೋ ಪ್ರಭಾವಳಿಯ ಅಳತೆಯೋ ಒಪ್ಪಿಗೆಯಾಯಿತೇ ಎಂದು ಕೇಳುವುದು ಈಗ ಸಾಧ್ಯವಾಗಿದೆ. ಸಿದ್ಧವಾದ ವಿಗ್ರಹದ ಹೊಳಪಿನ ಚಿತ್ರವೊಂದನ್ನು ಹರಿಯಬಿಡುವುದಕ್ಕಿಂತ ಇದು ನೂರುಪಾಲು ಮಿಗಿಲಾದ ಪ್ರಚಾರ.

ಬೆಲ್ಲದ ವಿಷಯದಲ್ಲಿ ಚಿತ್ರವೇ ವಂಚಕವಾಗಬಲ್ಲುದು. ಮಂಡಿಯಲ್ಲಿ ಬಣ್ಣ ನೋಡಿ ದರ ಕಟ್ಟುವ ರೂಢಿಯಿಂದಾಗಿ ಅನೇಕ ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕವನ್ನು ಬೆರಸುವ ಅಭ್ಯಾಸ ಬೇರೂರಿತು; ಹಾಗೆ ಬಿಳುಪೇರಿದ ಹೊಂಬಣ್ಣದ ಅಚ್ಚು ಮೊಬೈಲಿನ ಪರದೆಯ ಮೇಲೆ ಮನೋಹರವಾಗಿ ಕಾಣುತ್ತದೆ, ಶುದ್ಧವಾದ ಕಂದುಬೆಲ್ಲವು ಮಂಕಾಗಿ ಕಾಣುತ್ತದೆ. ಆದ್ದರಿಂದ ಪ್ರಾಮಾಣಿಕನಾದ ಆಲೆಮನೆಯವನು ಅಚ್ಚಿನ ಚಿತ್ರಕ್ಕೆ ತೃಪ್ತನಾಗದೆ, ಗಾಣದಿಂದ ಕಬ್ಬಿನ ಹಾಲು ಇಳಿಯುವುದನ್ನೂ, ಬೆಂಡೆಗಿಡದ ಲೋಳೆ ಹಾಕಿದಾಗ ಕೊಳೆಯು ನೊರೆಯಾಗಿ ಮೇಲೆದ್ದು ಬರುವುದನ್ನೂ, ಅದನ್ನು ಜಾಲರಿಯಿಂದ ತೆಗೆದುಹಾಕುವುದನ್ನೂ, ಪಾಕ ಹದಕ್ಕೆ ಬರುವವರೆಗೆ ಒಲೆಯ ಮುಂದೆ ಕಾಯುವುದನ್ನೂ ಅನುಕ್ರಮವಾಗಿ ತೋರಿಸಬೇಕಾಗುತ್ತದೆ. ಹೀಗೆ ತೋರಿಸಿದವರಿಂದ ಬೆಂಗಳೂರಿನ ಗೃಹಿಣಿಯರು, ಮಂಡಿಯವನು ಬಣ್ಣ ಸಾಲದೆಂದು ಕೆಳದರಕ್ಕೆ ಇಳಿಸುತ್ತಿದ್ದ ಆ ಕಂದುಬೆಲ್ಲವನ್ನೇ ಹೆಸರು ಹಿಡಿದು ಕೇಳಿ, ಹೆಚ್ಚಿನ ಬೆಲೆ ತೆತ್ತು ತರಿಸಿಕೊಳ್ಳುತ್ತಿದ್ದಾರೆ.