ಕುದುರೆಮುಖದ ಕಬ್ಬಿಣವೂ ನೀರೂ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿಯೂ ಕಾರ್ಕಳದ ಗೊಮ್ಮಟಮೂರ್ತಿಯನ್ನು 1432ರಲ್ಲಿಯೂ ನಿಲ್ಲಿಸಿದ ಪೂರ್ವಿಕರು ಈ ನಾಡಿನ ಕಲ್ಲಿನ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಇಲ್ಲಿಂದ ಮೂಡಣಕ್ಕೆ, ಬೆಳ್ತಂಗಡಿ ಸೀಮೆಗೆ ಗೋಡೆಯಂತೆ ನಿಂತಿರುವ ಘಟ್ಟದ ಸಾಲಿನಲ್ಲಿ ಹುದುಗಿದ್ದ ಸಂಪತ್ತು ಅವರ ಉಳಿಗೆ ನಿಲುಕುವಂತಹದಾಗಿರಲಿಲ್ಲ. ಅದು ಕುದುರೆಮುಖದ ಕಬ್ಬಿಣ.

ಈ ಬೆಟ್ಟಗಳ ಕಬ್ಬಿಣದ ಶಿಲೆಯು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಆದಿಯುಗದ ಕಡಲಿನ ನೀರಿನಲ್ಲಿ ಕರಗಿದ್ದ ಕಬ್ಬಿಣವು ತಳದಲ್ಲಿ ಪದರಪದರವಾಗಿ ನೆಲಸಿ, ನಡುನಡುವೆ ಬೆಣಚುಕಲ್ಲಿನ ಪಟ್ಟೆಗಳನ್ನು ತಾಳಿ, ಭೂಗರ್ಭದ ಒತ್ತಡಕ್ಕೂ ಶಾಖಕ್ಕೂ ಸಿಲುಕಿ ಗಟ್ಟಿಯಾಯಿತು. ನೀರಿನಲ್ಲಿ ಹುಟ್ಟಿದ ಕಲ್ಲು ಇದು.

ಮೈಸೂರು ಸಂಸ್ಥಾನದ ಭೂವಿಜ್ಞಾನಿಗಳಾದ ಪಿ. ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಈ ನಿಕ್ಷೇಪವನ್ನು ಗುರುತಿಸಿದರು. ಆದರೂ ಅರುವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅದು ಹಾಗೆಯೇ ಉಳಿಯಿತು. ಕಲ್ಲಿನಲ್ಲಿ ಕಬ್ಬಿಣದ ಅಂಶವು ನೂರಕ್ಕೆ ನಲವತ್ತಕ್ಕೂ ಕಡಮೆಯಾಗಿದ್ದುದೇ ಅದಕ್ಕೆ ಮುಖ್ಯ ಕಾರಣ. ಇರಾನ್ ದೇಶದ ಸಾಲದ ಭರವಸೆಯ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪಿತವಾಯಿತು. 1979ರ ಕ್ರಾಂತಿಯಿಂದ ಆ ಆಸರೆ ತಪ್ಪಿದರೂ ಗಣಿ ನಡೆಯಿತು. ಬಂಡೆಯನ್ನು ಸಿಡಿಸಿ, ಹಿಟ್ಟಿನಂತೆ ಅರೆದು, ಅಯಸ್ಕಾಂತದ ಸೆಳೆತದಿಂದ ಅದಿರನ್ನು ಬೇರ್ಪಡಿಸಿ, ನೀರಿನೊಡನೆ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಹಳ್ಳಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಿತು.

ಇದೇ ಘಟ್ಟದ ಗಂಗಾಮೂಲವು ತುಂಗೆ, ಭದ್ರೆ, ನೇತ್ರಾವತಿಯರ ತವರು. ನೇತ್ರಾವತಿಯು ಬೆಳ್ತಂಗಡಿ, ಬಂಟ್ವಾಳಗಳನ್ನು ಪೊರೆದು ಪಡುಗಡಲನ್ನು ಸೇರುತ್ತಾಳೆ. ಭದ್ರೆಯು ಶಿವಮೊಗ್ಗ, ದಾವಣಗೆರೆ ಸೀಮೆಗಳ ಗದ್ದೆಗಳಿಗೆ ನೀರೂಡುತ್ತಾಳೆ. ಅಗೆದ ಇಳಿಜಾರಿನ ಮೇಲೆ ಘಟ್ಟದ ಜಡಿಮಳೆ ಸುರಿದಾಗ ಮಣ್ಣು ಭದ್ರೆಗೆ ಇಳಿಯತೊಡಗಿತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆನಿಸಿತು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದರಿಂದ ಅನೇಕ ಕುಟುಂಬಗಳ ಜೀವನಾಧಾರ ಕಳೆದುಹೋಯಿತೆಂಬುದನ್ನೂ, ಅವರು ಆ ಕಡಿದಾದ ಬೆಟ್ಟದಲ್ಲಿ ಮಾಡಿದ ಕಾಯಕವನ್ನೂ ನಾವು ಮರೆಯಲಾಗದು.

ಕಬ್ಬಿಣವನ್ನು ಒಮ್ಮೆ ತೆಗೆದರೆ ಮುಗಿಯಿತು. ನೀರಾದರೋ ಬೆಟ್ಟವೂ ಕಾಡೂ ಇರುವ ತನಕ ವರುಷ ವರುಷವೂ ಬರುತ್ತದೆ. ಘಟ್ಟದ ಒಡಲಿನ ಈ ಎರಡು ಸಂಪತ್ತುಗಳಲ್ಲಿ ಯಾವುದು ಮುಂದಿನವರ ಪಾಲೆಂಬುದನ್ನು ನಾಡು ತಡವಾಗಿಯಾದರೂ ನಿರ್ಣಯಿಸಿತು. ನೇತ್ರಾವತಿಯ ನೀರು ಕುಡಿಯುವ ನಾವೂ, ಭದ್ರೆಯ ನೀರಿನಿಂದ ಬೆಳೆದ ಅನ್ನವನ್ನುಣ್ಣುವ ಸದ್ಭಕ್ತರೂ ಆ ನಿರ್ಣಯದ ಫಲವನ್ನು ದಿನದಿನವೂ ಪಡೆಯುತ್ತಿದ್ದೇವೆ. ಅದನ್ನು ಕಾಯುವ ಹೊಣೆಯೂ ನಮ್ಮದೇ ಆಗಿದೆ.